ಧಾತು–ಈಶ್ವರದ ಬರವೂ ರಾಗಿಯ ಹಗೇವೂ

ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಮೈಸೂರು ಸೀಮೆಯಲ್ಲಿ ಬರಗಾಲದ ಹೆಸರಾಗಿಯೇ ಉಳಿದುಬಂದಿತು. ೧೮೭೬ರಿಂದ ೧೮೭೮ರವರೆಗಿನ ಆ ಕ್ಷಾಮದ ಉಗ್ರತೆಯನ್ನು ಜನಗಣತಿಯೇ ಹೇಳುವುದು: ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿದ್ದಿತು.

ಆಗ ಶಾಂತಸಾಗರದ ನೀರು ಅಸಾಧಾರಣವಾಗಿ ಕಾದುದರಿಂದ ಮುಂಗಾರು ಕುಗ್ಗಿತೆಂದು ಇಂದಿನ ಹವಾಮಾನ ಶಾಸ್ತ್ರಜ್ಞರು ಹೇಳುವರು. ಆದರೆ ಮಳೆ ತಪ್ಪಿದ ಮಾತ್ರಕ್ಕೆ ಅಷ್ಟು ಜನ ಸಾಯಬೇಕಾಗಿರಲಿಲ್ಲ. ರಾಗಿಯು ಹಗೇವಿನಲ್ಲಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯತಕ್ಕ ಧಾನ್ಯ. ನೆಲದೊಳಗಿನ ಆ ಕಣಜವೇ ರೈತನ ಆಪದ್ಧನ. ೧೮೭೫ರ ಮಳೆಯೂ ಅರೆಬರೆಯಾದುದರಿಂದ ಆ ಸಂಗ್ರಹ ಮೊದಲೇ ಕರಗಿದ್ದಿತು. ರೈಲು ಬೆಂಗಳೂರಿಗೆ ೧೮೬೪ರಲ್ಲಿಯೇ ಬಂದಿದ್ದರೂ ಅಲ್ಲಿಂದಾಚೆಯ ಹಳ್ಳಿಗಳಿಗೆ ಧಾನ್ಯವು ಎತ್ತಿನ ಗಾಡಿಯಲ್ಲಿಯೇ ಹೋಗಬೇಕಾಗಿದ್ದಿತು. ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದುವು. ಧಾನ್ಯ ತಲುಪಿದೆಡೆಯಲ್ಲಿಯೂ ಕೂಲಿ ಕಳೆದುಕೊಂಡವನಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ಅದೇ ಕಾಲದಲ್ಲಿ ಭರತಖಂಡದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಲೇ ಇದ್ದಿತು.

ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು ೧೮೮೦ರ ತನ್ನ ವರದಿಯಲ್ಲಿ, ಬರಗಾಲದಲ್ಲಿ ಬಡವನಿಗೆ ಮೊದಲು ಇಲ್ಲವಾಗುವುದು ಕೆಲಸ ಎಂಬುದನ್ನು ಒಪ್ಪಿಕೊಂಡಿತು. ಪರಿಹಾರದ ಕೆಲಸಗಳಿಗೆ ಕ್ಷಾಮಸಂಹಿತೆಯಿಂದ ನಿಯಮವೇರ್ಪಟ್ಟಿತು. ೧೮೮೧ರಲ್ಲಿ ಒಡೆಯರ ವಂಶಕ್ಕೆ ಮರಳಿದ ಮೈಸೂರು ನೀರಾವರಿಯ ಕಡೆಗೆ ಮನಸ್ಸು ಕೊಟ್ಟಿತು. ವೇದಾವತಿಗೆ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಅಣೆಕಟ್ಟು ಮುಗಿಯಿತು. ೧೯೧೧ರಲ್ಲಿ ಕಾವೇರಿಗೆ ಕನ್ನಂಬಾಡಿಯ ಕಟ್ಟೆ ಮೊದಲಾಯಿತು. ಕಾಲುವೆಯ ನೀರು ಬತ್ತಕ್ಕೂ ಕಬ್ಬಿಗೂ ಒದಗಿತು. ರಾಗಿಯ ಹೊಲವು ಆಕಾಶವನ್ನೇ ನೋಡುತ್ತ ಉಳಿಯಿತು.

ಆ ಆಕಾಶವಾದರೋ ಈಗ ಹಿಂದಿನಂತಿಲ್ಲ. ಭೂಮಿಯ ತಾಪವೇರಿದಂತೆ ಮಳೆ ಒಮ್ಮೆಗೇ ಸುರಿದು, ಬಳಿಕ ದೀರ್ಘಕಾಲ ಮರೆಯಾಗುವುದು ಹೆಚ್ಚಾಗುತ್ತಿದೆ. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟುವು. ಆದರೂ ಧಾತು–ಈಶ್ವರದ ಮೃತ್ಯುಲೀಲೆ ಮರುಕಳಿಸಲಿಲ್ಲ. ಪಡಿತರದ ಅಂಗಡಿಯೂ ೨೦೦೫ರ ಕಾಯಿದೆ ಕೊಟ್ಟ ಉದ್ಯೋಗದ ಭರವಸೆಯೂ ಅಡ್ಡ ನಿಂತಿದ್ದುವು. ಆದರೆ ಇವು ಉಣ್ಣುವವನನ್ನು ಕಾಯುವ ಉಪಾಯಗಳು. ಬೆಳೆಯುವವನ ಹೊಲವನ್ನು ಕಾಯುವುದು ಬೇರೆಯ ಕೆಲಸ. ಸರಕಾರವು ಬೆಂಬಲ ಬೆಲೆಗೆ ರಾಗಿಯನ್ನು ಕೊಂಡು, ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಹಂಚಿದುದು ಆ ದಾರಿಯ ಒಂದು ಹೆಜ್ಜೆ. ಕಡಿಮೆ ನೀರಿನ ಬೆಳೆಗೆ ನಿಶ್ಚಿತವಾದ ಬೆಲೆ ದೊರೆತರೆ ರೈತನು ಅದನ್ನು ಕೈಬಿಡನು. ಉಗ್ರಾಣ ತುಂಬಿದ್ದರೆ ಎರಡನೆಯ ವರ್ಷದ ಬರವನ್ನೂ ಜನ ತಾಳಿಕೊಳ್ಳುವರು.

೧೮೭೬ರ ಪಾಠವೂ ಇದೇ. ಹಗೇವು ತುಂಬುವುದು ಬರದ ವರ್ಷದಲ್ಲಿ ಅಲ್ಲ, ಬೆಳೆದ ವರ್ಷದಲ್ಲಿ. ಕೃಷಿನೀತಿಯ ಪರೀಕ್ಷೆಯೂ ಮಳೆ ಚೆನ್ನಾಗಿ ಬಂದಾಗಲೇ ನಡೆಯತಕ್ಕದ್ದು.