ನೀಸ್‌ನಲ್ಲಿ ಚಳಿಗಾಲದ ವಾಸ

ಫ್ರಾನ್ಸಿನ ಆಗ್ನೇಯ ಅಂಚಿನಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯ ಮೇಲಿರುವ ನೀಸ್ ನಗರಕ್ಕೆ ಉತ್ತರ ಯುರೋಪಿನ ಸಿರಿವಂತರೂ ರೋಗಿಗಳೂ ಚಳಿಗಾಲ ಕಳೆಯಲು ಬಂದು ನಿಲ್ಲುತ್ತಿದ್ದ ರೂಢಿ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಮೊಳೆತು, 19ನೆಯ ಶತಮಾನದ ಕೊನೆಗೆ ತುತ್ತತುದಿ ಮುಟ್ಟಿ, 1930ರ ದಶಕದಲ್ಲಿ ಬೇಸಿಗೆಯ ಪ್ರವಾಸಕ್ಕೆ ದಾರಿ ಬಿಟ್ಟುಕೊಟ್ಟಿತು. ನಗರದ ಬೀದಿ, ತೋಟ, ಹೋಟೆಲು, ಹಬ್ಬಗಳಲ್ಲಿ ಹೆಚ್ಚಿನವು ಈ ರೂಢಿಯ ಫಲ.

ಹಿನ್ನೆಲೆ

ನೀಸ್‌ನ ಉತ್ತರಕ್ಕೆ ಆಲ್ಪ್ಸ್ ಪರ್ವತಗಳು ಗೋಡೆಯಂತೆ ನಿಂತು ಶೀತಗಾಳಿಯನ್ನು ತಡೆಯುತ್ತವೆ. ಊರು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಚಳಿಗಾಲದ ಓರೆಬಿಸಿಲು ನೇರವಾಗಿ ಮನೆಯೊಳಗೆ ಬರುತ್ತದೆ. ಲಂಡನ್ ಮಂಜಿನಲ್ಲಿ ಮುಳುಗಿರುವ ಜನವರಿಯಲ್ಲಿ ಇಲ್ಲಿ ಕಿತ್ತಳೆ ಹಣ್ಣಾಗಿರುತ್ತದೆ. ಕ್ಷಯಕ್ಕೆ ಮದ್ದಿಲ್ಲದಿದ್ದ ಕಾಲದಲ್ಲಿ ವೈದ್ಯರು ಬರೆದುಕೊಡುತ್ತಿದ್ದ ಔಷಧಿ ಈ ಬಿಸಿಲೇ ಆಗಿತ್ತು. 1388ರಿಂದ ಸವಾಯ್ ಮನೆತನದ ಆಳ್ವಿಕೆಯಲ್ಲಿದ್ದ ನೀಸ್ 1860ರಲ್ಲಿ ಫ್ರಾನ್ಸಿಗೆ ಸೇರಿತು.

ಮೊದಲ ಅತಿಥಿಗಳು

ಸ್ಕಾಟ್ಲೆಂಡಿನ ಕಾದಂಬರಿಕಾರ, ಸ್ವತಃ ವೈದ್ಯನೂ ಆಗಿದ್ದ ಟೊಬಾಯಸ್ ಸ್ಮಾಲೆಟ್ ಎದೆಯ ಬೇನೆಯಿಂದ ನರಳುತ್ತ 1763ರಲ್ಲಿ ಇಲ್ಲಿಗೆ ಬಂದ. ಗಾಳಿ, ಮಳೆ, ಉಷ್ಣತೆಗಳನ್ನು ದಿನವೂ ಬರೆದಿಟ್ಟ. ಕಡಲಿಗಿಳಿದು ಮೀಯುತ್ತಿದ್ದ ರೋಗಿಯನ್ನು ಕಂಡು ಊರವರು ಬೆರಗಾದರು. 1766ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥವು ಊರಿನ ಜನರನ್ನು ಹಳಿದರೂ ಹವೆಯನ್ನು ಹೊಗಳಿತು. ಓದಿದ ಆಂಗ್ಲರು ಹೊಗಳಿಕೆಯನ್ನಷ್ಟೇ ನೆನಪಿಟ್ಟುಕೊಂಡು ಬರತೊಡಗಿದರು. ಫ್ರೆಂಚ್ ಕ್ರಾಂತಿ ಮತ್ತು ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಕಡಿದುಹೋದ ಈ ಬಳಕೆ 1815ರ ನಂತರ ಮತ್ತೆ ಕುದುರಿತು.

ಬಂದವರೆಲ್ಲ ಗುಣವಾಗಿ ಹಿಂದಿರುಗಲಿಲ್ಲ. 'ಅಬೈಡ್ ವಿತ್ ಮಿ' ಪ್ರಾರ್ಥನಾಗೀತೆಯನ್ನು ರಚಿಸಿದ ಪಾದ್ರಿ ಹೆನ್ರಿ ಫ್ರಾನ್ಸಿಸ್ ಲೈಟ್ 1847ರ ನವೆಂಬರಿನಲ್ಲಿ ಇಲ್ಲಿ ತೀರಿಕೊಂಡ. ಆಂಗ್ಲರ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಗಾಂಧೀಜಿ ಮೆಚ್ಚಿದ್ದ ಆ ಗೀತೆಯ ಧಾಟಿ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ ದಶಕಗಳ ಕಾಲ ಮೊಳಗಿತು.

ಕಡಲ ದಾರಿ ಮತ್ತು ನಗರ ಯೋಜನೆ

ನೀಸ್‌ನ ಹೆಸರಾಂತ ಕಡಲ ದಾರಿ ಹುಟ್ಟಿದ್ದು ಇಲ್ಲಿನ ಹವೆಯೇ ಕೈಕೊಟ್ಟಾಗ. 1820-21ರ ಚಳಿಗಾಲದಲ್ಲಿ ಹಿಮ ಬಿದ್ದು ಕಿತ್ತಳೆ ಮರಗಳು ಕಮರಿದವು; ಕೆಲಸ ಕಳೆದುಕೊಂಡ ಕೂಲಿಗಳು ಬೀದಿಗೆ ಬಿದ್ದರು. ಆಂಗ್ಲ ಪಾದ್ರಿ ಲೂಯಿಸ್ ವೇ ತನ್ನವರಿಂದ ಚಂದಾ ಎತ್ತಿದ. ಭಿಕ್ಷೆ ಹಾಕುವ ಬದಲು ಕೂಲಿ ಕೊಟ್ಟು, ದಂಡೆಯುದ್ದಕ್ಕೂ ಸುಮಾರು ಎರಡು ಮೀಟರ್ ಅಗಲದ ಕಾಲುದಾರಿ ಹಾಕಿಸಿದ. ಊರವರು ತಮ್ಮ ನುಡಿಯಲ್ಲಿ ಅದನ್ನು 'ಆಂಗ್ಲರ ದಾರಿ' ಎಂದು ಕರೆದರು. 1844ರಲ್ಲಿ ಫ್ರೆಂಚಿನಲ್ಲಿ 'ಪ್ರಾಮೆನಾದ್ ದೆಜಾಂಗ್ಲೆ' ಎಂಬುದೇ ಅಧಿಕೃತ ಹೆಸರಾಯಿತು. ನಮ್ಮಲ್ಲಿ ಬರಗಾಲ ಬಂದಾಗ ಕೆರೆ ತೋಡಿಸುತ್ತಿದ್ದ ಕ್ರಮವನ್ನು ಇದು ನೆನಪಿಸುತ್ತದೆ. ಆದರೆ ಇಲ್ಲಿ ಸಿದ್ಧವಾದದ್ದು ಅತಿಥಿಗಳೇ ಅಡ್ಡಾಡುವ ಜಾಗ.

1832ರಲ್ಲಿ ಆಳುವವರು ನಗರದ ಅಂದಚೆಂದ ನೋಡಿಕೊಳ್ಳುವ ಮಂಡಳಿಯೊಂದನ್ನು ನೇಮಿಸಿದರು. ಹೊಸ ಬಡಾವಣೆಗಳ ಬೀದಿ, ಚೌಕ, ಮನೆಗಳ ಮುಂಭಾಗಗಳನ್ನು 1860ರವರೆಗೆ ಅದೇ ನಿಯಂತ್ರಿಸಿತು.

ರೈಲು, ರಾಜಮನೆತನ, ಹಬ್ಬ

1864ರಲ್ಲಿ ರೈಲು ಬಂದಿತು. ಐವತ್ತು ಸಾವಿರದೊಳಗಿದ್ದ ಜನಸಂಖ್ಯೆ 1911ರ ಹೊತ್ತಿಗೆ 1,40,000 ದಾಟಿತು. ರಷ್ಯದ ರಾಜಮಾತೆ ಅಲೆಕ್ಸಾಂಡ್ರಾ ಫ್ಯೊಡೊರೊವ್ನಾ 1856ರಲ್ಲಿ ಬಂದುಳಿದ ಮೇಲೆ ಆ ದೇಶದ ಕುಲೀನರು ಹಿಂಬಾಲಿಸಿದರು. ಯುವರಾಜ ನಿಕೊಲಾಯ್ 1865ರಲ್ಲಿ ಇಲ್ಲಿಯೇ ಮಡಿದ. ಅವನು ತೀರಿಕೊಂಡ ನಿವೇಶನದ ಬಳಿ ಎದ್ದ ರಷ್ಯನ್ ಕೆಥೆಡ್ರಲ್ 1912ರಲ್ಲಿ ಪ್ರತಿಷ್ಠೆಗೊಂಡಿತು.

ವಿಕ್ಟೋರಿಯಾ ರಾಣಿ 1895ರಿಂದ 1899ರವರೆಗೆ ವರ್ಷಕ್ಕೊಮ್ಮೆ, ಚಳಿ ಇಳಿಯುವ ಹೊತ್ತಿಗೆ, ಸಿಮಿಯೆ ಗುಡ್ಡದಲ್ಲಿ ಬಂದಿಳಿಯುತ್ತಿದ್ದಳು. ದಾಖಲೆಯಲ್ಲಿ 'ಬಾಲ್ಮೊರಲ್‌ನ ಕೌಂಟೆಸ್' ಎಂಬ ಮಾರುಹೆಸರಿದ್ದರೂ ಅವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕತ್ತೆ ಹೂಡಿದ ಪುಟ್ಟ ಗಾಡಿಯಲ್ಲಿ ಸುತ್ತಾಡುತ್ತಿದ್ದ ಅವಳ ಪರಿವಾರದಲ್ಲಿ ಹಿಂದುಸ್ತಾನಿ ಕಲಿಸುತ್ತಿದ್ದ ಭಾರತೀಯ ಮುನ್ಷಿ ಅಬ್ದುಲ್ ಕರೀಮನೂ ಇದ್ದ. 1897ರಲ್ಲಿ ತೆರೆದ ಭಾರಿ ಹೋಟೆಲು ಅವಳ ಗೌರವಕ್ಕಾಗಿ 'ರೆಜೀನಾ' ಎಂಬ ಹೆಸರು ಹೊತ್ತಿತು.

ಆರು ತಿಂಗಳು ಕೈಬಿಡುವಿರುವ ಜನರಿಗೆ ಹೊತ್ತು ಕಳೆಯಲು ಏನಾದರೂ ಬೇಕಿತ್ತು. ಮಧ್ಯಯುಗದಿಂದ ನಡೆದುಬಂದಿದ್ದ ಕಾರ್ನಿವಲ್ 1873ರಲ್ಲಿ ಸಮಿತಿಯ ಕೈಗೆ ಬಂದು ಭರ್ಜರಿ ಮೆರವಣಿಗೆಯಾಯಿತು. 1876ರಲ್ಲಿ ತೇರುಗಳ ಮೇಲಿಂದ ಹೂವೆರಚುವ 'ಹೂಗಳ ಕಾಳಗ' ಸೇರಿಕೊಂಡಿತು. 1881ರಲ್ಲಿ ಸುಟ್ಟುಹೋದ ಒಪೆರಾ ಮಂದಿರ 1885ರಲ್ಲಿ ಮತ್ತೆ ತೆರೆಯಿತು. ತತ್ತ್ವಜ್ಞಾನಿ ನೀಚೆ 1883ರಿಂದ ಐದು ಚಳಿಗಾಲಗಳನ್ನು ಬಾಡಿಗೆ ಕೋಣೆಗಳಲ್ಲಿ ಕಳೆದ. ಕ್ಷಯರೋಗಿ ಚೆಕಾಫ್ 1897-98ರಲ್ಲಿ ರಷ್ಯನ್ನರ ವಸತಿಗೃಹವೊಂದರಲ್ಲಿ ತಂಗಿದ್ದ. 'ಕೋತ್ ದಜೂರ್', ಅಂದರೆ 'ನೀಲಿ ದಂಡೆ', ಎಂಬ ಹೆಸರು ಸ್ಟೀಫನ್ ಲಿಯೆಜಾರ್ 1887ರಲ್ಲಿ ಪ್ರಕಟಿಸಿದ ಪುಸ್ತಕದಿಂದ ರೂಢಿಗೆ ಬಂದಿತು.

ಇಳಿಗಾಲ

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಸೂಕ್ಷ್ಮಾಣುವನ್ನು ಗುರುತಿಸಿದ. ಅದು ಅಂಟುಜಾಡ್ಯವೆಂದು ಖಚಿತವಾದ ಮೇಲೆ ರೋಗಿಗಳು ಬೆಟ್ಟದ ಆರೋಗ್ಯಧಾಮಗಳತ್ತ ತಿರುಗಿದರು. ನೀಸ್‌ಗೆ ಉಳಿದವರು ಮೋಜಿಗೆ ಬರುವವರು. 1913ರಲ್ಲಿ ವೈಭವದಿಂದ ತೆರೆದ ನೆಗ್ರೆಸ್ಕೊ ಹೋಟೆಲು ಮರುವರ್ಷವೇ ಎದ್ದ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಯಿತು. ಅದರ ಮಾಲೀಕ ದಿವಾಳಿಯಾದ. 1917ರ ಕ್ರಾಂತಿಯ ನಂತರ ರಷ್ಯದ ಕುಲೀನರ ಹಣದ ಹರಿವು ನಿಂತಿತು.

ಬಿಸಿಲಿಗೆ ಮೈ ಕಪ್ಪಾದರೆ ಅವಮಾನವೆಂದು ಕೊಡೆ ಹಿಡಿಯುತ್ತಿದ್ದ ವರ್ಗವೇ 1920ರ ದಶಕದಲ್ಲಿ ಕಡಲ ದಂಡೆಯ ಮೇಲೆ ಮೈಚಾಚಿ ಮಲಗಲು ಕಲಿಯಿತು. ಅಲ್ಲಿಯವರೆಗೆ ಬೇಸಿಗೆ ಬಂತೆಂದರೆ ಬಾಗಿಲು ಹಾಕುತ್ತಿದ್ದ ಹೋಟೆಲುಗಳು 1931ರಿಂದ ವರ್ಷವಿಡೀ ತೆರೆದಿರತೊಡಗಿದವು. 1936ರಲ್ಲಿ ಫ್ರೆಂಚ್ ಕಾರ್ಮಿಕರಿಗೆ ಸಂಬಳಸಹಿತ ರಜೆ ಸಿಕ್ಕಿತು. ಆಗಸ್ಟ್ ತಿಂಗಳೇ ಹೊಸ ಸುಗ್ಗಿಯಾಯಿತು.

ಉಳಿಕೆ

ಚಿತ್ರಕಾರ ಮತೀಸ್ 1917ರ ಡಿಸೆಂಬರಿನಲ್ಲಿ ಬಂದಾಗ ಬಿಡದೆ ಮಳೆ ಸುರಿಯುತ್ತಿತ್ತು. ಹೊರಡಬೇಕೆಂದಿದ್ದವನು ಮೋಡ ಹರಿದು ಬೆಳಕು ಕಂಡಾಗ ನಿಂತ, 1954ರಲ್ಲಿ ಸಾಯುವವರೆಗೂ ಈ ಊರಿಗೇ ಅಂಟಿಕೊಂಡ. ರಾಣಿ ತಂಗಿದ್ದ ರೆಜೀನಾ ಅಪಾರ್ಟ್‌ಮೆಂಟುಗಳಾಗಿ ಮಾರಾಟವಾದಾಗ ಅವನು ಅಲ್ಲಿಯೂ ವಾಸವಿದ್ದ. ಸಿಮಿಯೆಯ ಮತೀಸ್ ಸಂಗ್ರಹಾಲಯ 1963ರಲ್ಲಿ, ಮತ್ತೊಬ್ಬ ಚಿತ್ರಕಾರ ಶಗಾಲ್‌ನ ಸಂಗ್ರಹಾಲಯ 1973ರಲ್ಲಿ ತೆರೆದವು. 2021ರಲ್ಲಿ ಯುನೆಸ್ಕೊ ನೀಸನ್ನು ಚಳಿಗಾಲದ ವಿಹಾರ ನಗರವೆಂಬ ನೆಲೆಯಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಲ್ಲಿ ಇಂದಿಗೂ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಸಿಡಿಗುಂಡು ಸದ್ದು ಮಾಡುತ್ತದೆ. ಚಳಿಗಾಲಕ್ಕೆ ಬಂದಿದ್ದ ಬ್ರಿಟಿಷ್ ನಿವೃತ್ತ ಅಧಿಕಾರಿಯೊಬ್ಬ, ಮಾತಿಗೆ ಕೂತು ಊಟ ಮರೆಯುತ್ತಿದ್ದ ಹೆಂಡತಿಯನ್ನು ಮನೆಗೆ ಕರೆಯಲು 1860ರ ದಶಕದಲ್ಲಿ ಇದನ್ನು ಶುರುಮಾಡಿಸಿದನೆಂದು ಪ್ರತೀತಿ. ಅವನು ಹೊರಟುಹೋದ ಮೇಲೆ ಹೊತ್ತು ತಪ್ಪಿದಂತಾಗಿ, ಊರವರೇ ಅದನ್ನು ಮುಂದುವರಿಸಿದರು.