ಪಿತ್ತದ ಕಲ್ಲಿನಿಂದ ನೆತ್ತರಿನ ಲೆಕ್ಕಕ್ಕೆ

ಕೊಲೆಸ್ಟರಾಲ್ ಎಂಬ ಹೆಸರಿನಲ್ಲಿ ಹೃದಯದ ಸುಳಿವೇ ಇಲ್ಲ. ಗ್ರೀಕಿನಲ್ಲಿ ‘ಖೊಲೆ’ ಎಂದರೆ ಪಿತ್ತ, ‘ಸ್ಟೆರೆಯೋಸ್’ ಎಂದರೆ ಘನವಾದುದು. ಪಿತ್ತಕೋಶದ ಕಲ್ಲಿನಲ್ಲಿ ದೊರೆತ ವಸ್ತುವಿಗೆ ಫ್ರಾನ್ಸಿನ ಷೆವ್ರಲ್ ಇಟ್ಟ ಹೆಸರದು. ಶಬ್ದದ ಬೆನ್ನು ಹತ್ತುವುದು ನನ್ನಂಥ ಕನ್ನಡ ಮೇಷ್ಟರ ಚಾಳಿ, ಕೇಳುಗರು ಮನ್ನಿಸಬೇಕು. 1913ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಅದನ್ನು ತಿನ್ನಿಸಿ, ಅವುಗಳ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿದ್ದನ್ನು ಕಂಡರು. ಮೊಲ ಹುಲ್ಲು ಮೇಯುವ ಪ್ರಾಣಿ, ಮನುಷ್ಯನಿಗೆ ಆ ಮಾತು ಸಲ್ಲದೆಂಬ ಆಕ್ಷೇಪವೆದ್ದಿತು. ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರ ಕೊಟ್ಟದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರು. 1948ರಲ್ಲಿ ಆರಂಭವಾದ ಅಧ್ಯಯನಕ್ಕೆ ಅಲ್ಲಿನ 5,209 ಗೃಹಸ್ಥರು, ಗೃಹಿಣಿಯರು, ಬಹುಪಾಲು ಯಾವ ನೋವೂ ಅರಿಯದವರು, ಎರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ಬಂದರು. ವರ್ಷಗಳುರುಳಿದಂತೆ ಕೆಲವರಿಗೆ ಹೃದ್ರೋಗ ಬಂದಿತು, ಕೆಲವರು ತೀರಿಕೊಂಡರು. ಆಗ ಅವರ ಹಳೆಯ ನೆತ್ತರಿನ ಲೆಕ್ಕ ಮಾತನಾಡಿತು. ಕೊಲೆಸ್ಟರಾಲೂ ರಕ್ತದೊತ್ತಡವೂ ಏರಿದ್ದವರಿಗೇ ಅಪಾಯ ಹೆಚ್ಚೆಂದು 1961ರ ವರದಿ ತೋರಿಸಿತು. ‘ಅಪಾಯದ ಅಂಶ’ವೆಂಬ ನುಡಿ ವೈದ್ಯರ ಬಾಯಲ್ಲಿ ನೆಲೆಗೊಂಡದ್ದು ಅಲ್ಲಿಂದೀಚೆಗೆ.