ಹೊಯ್ರಿಗರ್

ಹೊಯ್ರಿಗರ್ ಎಂಬುದು ಆಸ್ಟ್ರಿಯಾ ದೇಶದಲ್ಲಿ, ವಿಶೇಷವಾಗಿ ಅದರ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ ಕಂಡುಬರುವ ಒಂದು ಬಗೆಯ ಪಾನಗೃಹ. ದ್ರಾಕ್ಷಿ ಬೆಳೆಗಾರನು ತನ್ನದೇ ತೋಟದ ಹಣ್ಣಿನಿಂದ ತಯಾರಿಸಿದ ವೈನನ್ನು ತನ್ನದೇ ಮನೆಯ ಅಂಗಳದಲ್ಲಿಯೋ ಹಜಾರದಲ್ಲಿಯೋ ಗಿರಾಕಿಗಳಿಗೆ ಬಡಿಸುವುದು ಇದರ ಮೂಲ ಲಕ್ಷಣ. ಆಯಾ ವರ್ಷದ ಹೊಸ ವೈನಿಗೂ ಇದೇ ಹೆಸರಿದೆ. ವಿಯೆನ್ನಾದ ಹೊಯ್ರಿಗರ್ ಸಂಸ್ಕೃತಿಯನ್ನು 2019ರಲ್ಲಿ ಯುನೆಸ್ಕೋ ಒಪ್ಪಂದದ ಅನ್ವಯ ಆಸ್ಟ್ರಿಯಾ ಸಿದ್ಧಪಡಿಸಿರುವ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು.

ಪದದ ಅರ್ಥ

ಆಸ್ಟ್ರಿಯಾದ ಜರ್ಮನ್ ಭಾಷೆಯಲ್ಲಿ ‘ಹೊಯರ್’ ಎಂದರೆ ‘ಈ ವರ್ಷ’. ಅದರಿಂದ ಹುಟ್ಟಿದ ‘ಹೊಯ್ರಿಗರ್’ ಎಂಬ ಪದಕ್ಕೆ ‘ಈ ವರ್ಷದ್ದು’ ಎಂಬ ಅರ್ಥ ಬರುತ್ತದೆ. ಮೊದಲು ವೈನಿಗೆ ಇದ್ದ ಈ ಹೆಸರು ಅದನ್ನು ಬಡಿಸುವ ಸ್ಥಳಕ್ಕೂ ಅಂಟಿಕೊಂಡಿತು. ಸಂಪ್ರದಾಯದ ಪ್ರಕಾರ ಒಂದು ಸುಗ್ಗಿಯ ವೈನು ಮರುವರ್ಷದ ನವೆಂಬರ್ 11ರವರೆಗೆ, ಅಂದರೆ ಸಂತ ಮಾರ್ಟಿನನ ಹಬ್ಬದವರೆಗೆ ಮಾತ್ರ ಹೊಯ್ರಿಗರ್ ಎನಿಸಿಕೊಳ್ಳುತ್ತದೆ. ಆ ದಿನ ಹೊಸ ಬೆಳೆಯ ವೈನು ಆ ಹೆಸರನ್ನು ಪಡೆದು, ಹಿಂದಿನದು ‘ಹಳೆಯ ವೈನು’ ಆಗುತ್ತದೆ.

ಇಂತಹ ಪಾನಗೃಹಕ್ಕೆ ‘ಬುಶೆನ್‌ಶಾಂಕ್’ ಎಂಬ ಇನ್ನೊಂದು ಹೆಸರಿದೆ. ‘ಬುಶೆನ್’ ಎಂದರೆ ಟೊಂಗೆಗಳ ಕಟ್ಟು, ‘ಶಾಂಕ್’ ಎಂದರೆ ಪಾನೀಯ ಬಡಿಸುವ ಸ್ಥಳ. ಶ್ಟೈರಿಯಾ ಪ್ರಾಂತದಲ್ಲಿ ಜನರ ಬಾಯಲ್ಲಿ ಇರುವುದು ಈ ಹೆಸರೇ. ಕಾನೂನಿನ ಭಾಷೆಯಲ್ಲಿಯೂ ಇದೇ ಪದ ಬಳಕೆಯಲ್ಲಿದೆ. ಈ ಎರಡು ಹೆಸರುಗಳ ನಡುವಿನ ಅಂತರ ಸಣ್ಣದಾಗಿ ಕಂಡರೂ, ಮುಂದೆ ತಿಳಿಸಿರುವಂತೆ, ಒಳ್ಳೆಯ ಪಾನಗೃಹವನ್ನು ಹುಡುಕಿಕೊಂಡು ಬಂದವನಿಗೆ ಅದು ಬಹಳ ಮುಖ್ಯವಾದುದು.

ಇತಿಹಾಸ

ವಿಯೆನ್ನಾ ಪ್ರದೇಶದಲ್ಲಿ ದ್ರಾಕ್ಷಿ ಕೃಷಿ ರೋಮನ್ನರ ಕಾಲದಿಂದ ನಡೆದುಬಂದಿದೆ. ಮಧ್ಯಯುಗದಲ್ಲಿ ಕೋಟೆಯ ಗೋಡೆಗಳ ಒಳಗೂ ದ್ರಾಕ್ಷಿತೋಟಗಳಿದ್ದವು. ನಗರ ಬೆಳೆದಂತೆ ಅವು ಹೊರಕ್ಕೆ, ಸುತ್ತಲಿನ ಬೆಟ್ಟಗಳ ಇಳಿಜಾರಿಗೆ ಸರಿದವು. 1529 ಮತ್ತು 1683ರಲ್ಲಿ ತುರ್ಕಿ ಸೈನ್ಯಗಳು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ನಗರದ ಹೊರಗಿನ ಹಳ್ಳಿಗಳೂ ತೋಟಗಳೂ ಹಾಳಾದವು. ಎರಡು ಸಲವೂ ಬೆಳೆಗಾರರು ಮತ್ತೆ ಬಳ್ಳಿ ನೆಟ್ಟರು.

ಇಂದಿನ ಹೊಯ್ರಿಗರ್ ಪದ್ಧತಿಗೆ ಶಾಸನದ ಬುನಾದಿ ದೊರೆತದ್ದು 1784ರ ಆಗಸ್ಟ್ 17ರಂದು. ಸಾಮ್ರಾಜ್ಞಿ ಮರಿಯಾ ತೆರೇಸಾಳ ಮಗನಾದ ಚಕ್ರವರ್ತಿ ಎರಡನೆಯ ಜೋಸೆಫ್ ಅಂದು ಒಂದು ಸುತ್ತೋಲೆ ಹೊರಡಿಸಿ, ಪ್ರತಿಯೊಬ್ಬನೂ ತಾನೇ ಉತ್ಪಾದಿಸಿದ ಆಹಾರ ಪದಾರ್ಥ, ವೈನು ಹಾಗೂ ಹಣ್ಣಿನ ರಸವನ್ನು ವರ್ಷದ ಯಾವುದೇ ಕಾಲದಲ್ಲಿ, ತನಗೆ ಸರಿತೋರಿದ ಬೆಲೆಗೆ ಮಾರಬಹುದು ಅಥವಾ ಬಡಿಸಬಹುದು ಎಂದು ಅನುಮತಿ ನೀಡಿದನು. ಇದರ ಹಿನ್ನೆಲೆಯಲ್ಲಿ ಇದ್ದುದು ರೈತರ ಒಂದು ದೂರು. ಇಂದಿನ ಇಟಲಿ ಮತ್ತು ಸ್ಲೊವೇನಿಯಾ ಗಡಿಯಲ್ಲಿರುವ ಗೋರಿಟ್ಸಿಯಾ ಸೀಮೆಯಲ್ಲಿ ಜಮೀನುದಾರರು ತಮ್ಮ ವೈನನ್ನೇ ಮಾರಬೇಕೆಂದು ಅಧೀನದ ಜನರನ್ನು ಕಟ್ಟಿಹಾಕಿದ್ದರು. ಬೆಳೆದವನಿಗೆ ತನ್ನ ಬೆಳೆಯನ್ನು ಮಾರುವ ಹಕ್ಕಿಲ್ಲ ಎಂಬ ಸ್ಥಿತಿ ಅದು. ಸುತ್ತೋಲೆ ಈ ಹಿಡಿತವನ್ನು ಸಡಿಲಿಸಿತು. ಬೆಳೆಗಾರನು ಮಧ್ಯವರ್ತಿಯ ಹಂಗಿಲ್ಲದೆ ತನ್ನ ಮನೆಬಾಗಿಲಲ್ಲಿಯೇ ಗಿರಾಕಿಯನ್ನು ಕಾಣುವಂತಾಯಿತು. ಹೊಯ್ರಿಗರ್ ಎಂದರೆ ಹಾಡು, ಕುಡಿತ, ಮೋಜು ಎಂದಷ್ಟೇ ತಿಳಿದವರು ಅದರ ಹುಟ್ಟಿನಲ್ಲಿರುವ ಈ ರೈತಾಪಿ ಹಕ್ಕನ್ನು ಗಮನಿಸುವುದು ಕಡಿಮೆ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಮತ್ತು ಟ್ರಾಮ್‌ಗಳು ಬಂದಮೇಲೆ ನಗರದ ಜನ ಭಾನುವಾರಗಳಂದು ಹೊರವಲಯದ ಹಳ್ಳಿಗಳಿಗೆ ಹೋಗಿ ಮರದ ನೆರಳಿನಲ್ಲಿ ಕುಳಿತು ವೈನು ಕುಡಿಯುವುದು ರೂಢಿಯಾಯಿತು. 1870ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಕೀಟ ಆಸ್ಟ್ರಿಯಾದ ತೋಟಗಳನ್ನು ನಾಶಮಾಡತೊಡಗಿತು. ಅಮೆರಿಕದ ದ್ರಾಕ್ಷಿಯ ಬೇರಿಗೆ ಸ್ಥಳೀಯ ತಳಿಯ ಕಸಿ ಕಟ್ಟಿದ ಮೇಲೆಯೇ ಕೃಷಿ ಚೇತರಿಸಿಕೊಂಡಿತು. 1985ರಲ್ಲಿ ಬಂದ ಆಪತ್ತು ಇನ್ನೊಂದು ಬಗೆಯದು. ಆಸ್ಟ್ರಿಯಾದ ಕೆಲವು ಉತ್ಪಾದಕರು ವೈನಿಗೆ ಸಿಹಿ ಮತ್ತು ಗಾಢತೆ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕವನ್ನು ಬೆರೆಸಿದ್ದು ಬಯಲಾಗಿ, ದೇಶದ ವೈನ್ ರಫ್ತು ಕುಸಿದುಬಿದ್ದಿತು. ಅದೇ ವರ್ಷ ಕಟ್ಟುನಿಟ್ಟಾದ ಹೊಸ ವೈನ್ ಕಾಯಿದೆ ಬಂತು. ವೈನು ಯಾವ ತೋಟದಿಂದ ಬಂದದ್ದು, ಯಾರು ಮಾಡಿದ್ದು ಎಂಬ ಪ್ರಶ್ನೆಗೆ ಆ ಬಳಿಕ ಬೆಲೆ ಹೆಚ್ಚಿತು.

ನಿಜವಾದ ಹೊಯ್ರಿಗರ್ ಗುರುತಿಸುವ ಬಗೆ

ವಿಯೆನ್ನಾದಲ್ಲಿ ‘ಹೊಯ್ರಿಗರ್’ ಎಂಬ ಫಲಕ ಹೊತ್ತ ಅಂಗಡಿಗಳು ಹಲವು. ಅವುಗಳಲ್ಲಿ ಸ್ವಂತ ತೋಟವಿರುವವೂ ಇವೆ, ಬೇರೆ ಕಡೆಯ ವೈನು ತರಿಸಿ ಬಡಿಸುವ ಸಾಮಾನ್ಯ ಹೋಟೆಲುಗಳೂ ಇವೆ. ನಗರದ ಮಧ್ಯಭಾಗದ ನೆಲಮಾಳಿಗೆಗಳಲ್ಲಿರುವ ಕೆಲವು ಪಾನಗೃಹಗಳೂ ‘ನಗರ ಹೊಯ್ರಿಗರ್’ ಎಂದು ಕರೆಸಿಕೊಳ್ಳುತ್ತವೆ. ಅವುಗಳ ಕಟ್ಟಡ ಎಷ್ಟೇ ಹಳೆಯದಾದರೂ ತೋಟದ ಮನೆಯ ಗುಣ ಅಲ್ಲಿ ಸಿಗುವುದಿಲ್ಲ.

ಭೇದ ತಿಳಿಯುವ ಮೊದಲ ಗುರುತು ಬಾಗಿಲ ಮೇಲಿನ ಹಸಿರು. ಪೈನ್ ಅಥವಾ ಫರ್ ಮರದ ಟೊಂಗೆಗಳ ಕಟ್ಟೊಂದನ್ನು ಕೋಲಿಗೆ ಬಿಗಿದು ಬೀದಿಯ ಕಡೆಗೆ ಚಾಚಿ ನಿಲ್ಲಿಸಿದ್ದರೆ, ಆ ಮನೆಯಲ್ಲಿ ಆ ದಿನ ವೈನು ಬಡಿಸಲಾಗುತ್ತಿದೆ ಎಂದರ್ಥ. ಜೊತೆಯಲ್ಲಿ ‘ಔಸ್‌ಗ್‌ಶ್ಟೆಕ್ಟ್’, ಅಂದರೆ ‘ಹೊರಗೆ ಸಿಕ್ಕಿಸಿದೆ’, ಎಂಬ ಬರಹವಿರುತ್ತದೆ. ವೈನು ಮುಗಿದಾಗ ಅಥವಾ ಮನೆಯವರು ತೋಟದ ಕೆಲಸಕ್ಕೆ ಹೋದಾಗ ಕಟ್ಟನ್ನು ಇಳಿಸಿಬಿಡುತ್ತಾರೆ. ಆದಕಾರಣ ಅನೇಕ ಹೊಯ್ರಿಗರ್‌ಗಳು ವರ್ಷವಿಡೀ ತೆರೆದಿರುವುದಿಲ್ಲ. ಕೆಲವು ವಾರ ತೆರೆದು, ಕೆಲವು ವಾರ ಮುಚ್ಚಿ, ನೆರೆಮನೆಯವರೊಂದಿಗೆ ಸರದಿಯಂತೆ ನಡೆಸುವುದುಂಟು. ತೆರೆದಿರುವ ದಿನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಅದನ್ನು ನೋಡದೆ ಟ್ರಾಮ್ ಹತ್ತಿದವರು ಮುಚ್ಚಿದ ಬಾಗಿಲು ಕಂಡು ಹಿಂದಿರುಗುವುದು ಅಪರೂಪವಲ್ಲ.

ಎರಡನೆಯ ಗುರುತು ಬುಶೆನ್‌ಶಾಂಕ್ ಎಂಬ ಪದ. ಸ್ವಂತ ದ್ರಾಕ್ಷಿಯ ವೈನು ಬಡಿಸುವ ಬೆಳೆಗಾರರಿಗೆ ಮಾತ್ರ ಕಾನೂನು ಈ ಹೆಸರನ್ನು ಮೀಸಲಿಟ್ಟಿದೆ. ಇದು ಕೃಷಿಯ ಭಾಗವೆಂದು ಪರಿಗಣಿತವಾಗಿರುವುದರಿಂದ ಹೋಟೆಲು ಉದ್ಯಮದ ಪರವಾನಗಿ ಇದಕ್ಕೆ ಬೇಕಿಲ್ಲ. ಅದಕ್ಕೆ ಪ್ರತಿಯಾಗಿ ಏನನ್ನು ಬಡಿಸಬಹುದು ಎಂಬುದಕ್ಕೆ ಮಿತಿಯಿದೆ. ಬಿಯರ್ ಮತ್ತು ಕಾಫಿ ಇಂತಹ ಮನೆಗಳಲ್ಲಿ ದೊರೆಯುವುದಿಲ್ಲ. ಆದ್ದರಿಂದ ಪಾನೀಯಗಳ ಪಟ್ಟಿಯಲ್ಲಿ ಬಿಯರಿನ ಹೆಸರು ಕಂಡರೆ ಅದು ಬುಶೆನ್‌ಶಾಂಕ್ ಅಲ್ಲವೆಂದು ತಿಳಿಯಬಹುದು.

ಹಸಿರು ಕಟ್ಟು ವೈನಿನ ಮೂಲವನ್ನು ತಿಳಿಸುತ್ತದೆಯೇ ಹೊರತು ರುಚಿಗೆ ಹೊಣೆಯಾಗುವುದಿಲ್ಲ. ಅದಕ್ಕೆ ಲೋಟದ ಲೆಕ್ಕದಲ್ಲಿ ಎಂಟನೆಯ ಒಂದು ಲೀಟರ್ ತರಿಸಿ ನೋಡುವುದು ರೂಢಿಯಲ್ಲಿರುವ ಮಾರ್ಗ.

ವೈನಿನ ಬಗೆಗಳು

ವಿಯೆನ್ನಾ ಮಹಾನಗರದ ಎಲ್ಲೆಯೊಳಗೆ ಸುಮಾರು 600 ಹೆಕ್ಟೇರ್ ದ್ರಾಕ್ಷಿತೋಟಗಳಿವೆ. ರಾಜಧಾನಿಯೊಂದರ ಒಳಗೆ ಮಾರಾಟಕ್ಕಾಗಿ ಇಷ್ಟು ಪ್ರಮಾಣದಲ್ಲಿ ದ್ರಾಕ್ಷಿ ಬೆಳೆಯುವುದು ಅಪರೂಪ. ಬೆಳೆಯ ಹೆಚ್ಚಿನ ಪಾಲು ಬಿಳಿ ದ್ರಾಕ್ಷಿ. ಗ್ರುನರ್ ವೆಲ್ಟ್‌ಲಿನರ್, ರೀಸ್ಲಿಂಗ್, ವೈಸ್‌ಬುರ್ಗುಂಡರ್ ಮುಖ್ಯ ತಳಿಗಳು. ಕೆಂಪಿನಲ್ಲಿ ಟ್ಸ್ವೈಗೆಲ್ಟ್ ಸಾಮಾನ್ಯ.

ನಗರದ ಹೆಮ್ಮೆಯ ವೈನು ‘ಗೆಮಿಶ್ಟರ್ ಜಾಟ್ಸ್’. ಇದನ್ನು ಹಲವು ವೈನುಗಳ ಮಿಶ್ರಣವೆಂದು ತಿಳಿಯುವುದು ತಪ್ಪು. ಒಂದೇ ತೋಟದಲ್ಲಿ ಹಲವು ತಳಿಯ ಬಳ್ಳಿಗಳನ್ನು ಬೆರಕೆಯಾಗಿ ನೆಟ್ಟು, ಎಲ್ಲವನ್ನೂ ಒಟ್ಟಿಗೆ ಕೊಯ್ದು, ಒಟ್ಟಿಗೆ ಹಿಂಡಿ ಹುದುಗಿಸುತ್ತಾರೆ. ಒಂದು ತಳಿ ಹಿಮಕ್ಕೋ ರೋಗಕ್ಕೋ ತುತ್ತಾದರೂ ಇನ್ನೊಂದು ಉಳಿದು ರೈತನ ಕೈಹಿಡಿಯಲಿ ಎಂಬುದು ಇದರ ಹಿಂದಿನ ಜಾಣತನ. ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಕನ್ನಡ ನಾಡಿನ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಅಗ್ಗದ ಪಾನೀಯವೆನಿಸಿದ್ದ ಗೆಮಿಶ್ಟರ್ ಜಾಟ್ಸ್‌ಗೆ 2013ರ ಸುಗ್ಗಿಯಿಂದ ಸಂರಕ್ಷಿತ ಪ್ರಾದೇಶಿಕ ಮಾನ್ಯತೆ ದೊರೆತಿದೆ. ಆ ನಿಯಮದಂತೆ ಕನಿಷ್ಠ ಮೂರು ಬಿಳಿ ತಳಿಗಳು ಒಂದೇ ತೋಟದಲ್ಲಿರಬೇಕು. ಯಾವ ತಳಿಯ ಪಾಲೂ ಶೇ. 50ನ್ನು ಮೀರಬಾರದು; ಪ್ರಮಾಣದಲ್ಲಿ ಮೂರನೆಯದಾದ ತಳಿ ಶೇ. 10ಕ್ಕಿಂತ ಕಡಿಮೆ ಇರಬಾರದು.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ‘ಶ್ಟುರ್ಮ್’ ಎಂಬ ಅರ್ಧ ಹುದುಗಿದ ರಸ ಸಿಗುತ್ತದೆ. ಈ ಪದಕ್ಕೆ ಬಿರುಗಾಳಿ ಎಂಬ ಅರ್ಥವಿದೆ. ನೋಡಲು ಮಸುಕಾಗಿ, ಕುಡಿಯಲು ಸಿಹಿಯಾಗಿ ಇರುವ ಇದು ಬಾಟಲಿಯಲ್ಲಿಯೂ ಹುದುಗುತ್ತಲೇ ಇರುವುದರಿಂದ ಮುಚ್ಚಳವನ್ನು ಬಿಗಿಯಾಗಿ ಹಾಕುವಂತಿಲ್ಲ. ಸಿಹಿಯ ಮರೆಯಲ್ಲಿರುವ ಅಮಲು ಅರಿವಿಗೆ ಬರುವುದು ತಡವಾಗಿ.

ಊಟ, ಆಸನ ಮತ್ತು ರೀತಿ

ಹಸಿರು ಬಣ್ಣದ ಉದ್ದ ಮರದ ಮೇಜುಗಳು, ಬೆಂಚುಗಳು, ಮೇಲೆ ವಾಲ್‌ನಟ್ ಅಥವಾ ಚೆಸ್ಟ್‌ನಟ್ ಮರದ ನೆರಳು, ಇದು ಹೊಯ್ರಿಗರ್ ಅಂಗಳದ ಸಾಮಾನ್ಯ ನೋಟ. ಅಪರಿಚಿತರು ಒಂದೇ ಮೇಜಿನಲ್ಲಿ ಕೂರುವುದು ಇಲ್ಲಿ ಸಹಜ. ಜಾಗ ಖಾಲಿಯಿದೆಯೇ ಎಂದು ಒಂದು ಮಾತು ಕೇಳಿ ಕುಳಿತರೆ ಸಾಕು. ಪಾನೀಯವನ್ನು ಮೇಜಿಗೇ ತಂದುಕೊಡುತ್ತಾರೆ. ಆಹಾರವನ್ನು ಮಾತ್ರ ಗಿರಾಕಿಯೇ ಒಳಗಿನ ಕಟ್ಟೆಗೆ ಹೋಗಿ ಆರಿಸಿ ತರಬೇಕು. ಹಲವು ಪದಾರ್ಥಗಳನ್ನು ತೂಗಿ ಕೊಡುತ್ತಾರೆ. ಹಿಂದೆ ಜನ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದು ವೈನನ್ನು ಮಾತ್ರ ಕೊಳ್ಳುತ್ತಿದ್ದರು. ಈ ಪದ್ಧತಿ ಈಗ ವಿರಳ.

ಕಾಲು ಲೀಟರಿನ ಹಿಡಿಯುಳ್ಳ ಗಾಜಿನ ಲೋಟ ಇಲ್ಲಿನ ಹಳೆಯ ಅಳತೆ. ವೈನಿಗೆ ಸಮಪಾಲು ಸೋಡಾ ಬೆರೆಸಿದ ‘ಶ್ಪ್ರಿಟ್ಸರ್’ ಬೇಸಿಗೆಯಲ್ಲಿ ಹೆಚ್ಚು ಬಳಕೆಯಲ್ಲಿದೆ. ತಿನಿಸುಗಳಲ್ಲಿ ಹಂದಿಮಾಂಸದ ಹುರಿದ ತುಂಡು, ಸಾಸೇಜ್, ಹಂದಿಕೊಬ್ಬು ಸವರಿದ ಬ್ರೆಡ್ಡು ಪ್ರಧಾನವಾಗಿರುತ್ತವೆ. ಸಸ್ಯಾಹಾರಿಗಳಿಗೆ ಚೀಸು, ಉಪ್ಪಿನಲ್ಲಿ ಹಾಕಿದ ಸೌತೆ, ಆಲೂಗಡ್ಡೆಯ ಸಲಾಡ್, ಕೆಂಪು ಮೆಣಸಿನ ಪುಡಿ ಬೆರೆಸಿದ ಮೃದು ಚೀಸಿನ ‘ಲಿಪ್ಟೌವರ್’ ದೊರೆಯುತ್ತವೆ. ಲಿಪ್ಟೌವರಿಗೆ ಕೆಲವರು ಸಣ್ಣ ಮೀನನ್ನು ಅರೆದು ಸೇರಿಸುವುದುಂಟಾದ್ದರಿಂದ ಕೇಳಿ ತಿಳಿಯುವುದು ಒಳಿತು.

ಸಂಗೀತ

ಯೋಹಾನ್ ಮತ್ತು ಯೋಸೆಫ್ ಶ್ರಾಮೆಲ್ ಎಂಬ ಸಹೋದರರು 1878ರಲ್ಲಿ ಗಿಟಾರ್ ವಾದಕ ಆಂಟೋನ್ ಶ್ಟ್ರೋಮಾಯರ್ ಜೊತೆಗೂಡಿ ಕಟ್ಟಿದ ವಾದ್ಯಮೇಳ ಹೊಯ್ರಿಗರ್‌ಗಳಲ್ಲಿ ನುಡಿಸಿ ಹೆಸರಾಯಿತು. 1884ರಲ್ಲಿ ಕ್ಲಾರಿನೆಟ್ ವಾದಕ ಗೇಯೋರ್ಗ್ ಡೆನ್ಸರ್ ಸೇರಿದ ಮೇಲೆ ಅದು ನಾಲ್ವರ ಮೇಳವಾಯಿತು. ಎರಡು ಪಿಟೀಲು, ಹೆಚ್ಚುವರಿ ಮಂದ್ರ ತಂತಿಗಳುಳ್ಳ ಗಿಟಾರ್, ಸಣ್ಣ ಕ್ಲಾರಿನೆಟ್ ಅಥವಾ ಅಕಾರ್ಡಿಯನ್ ಇರುವ ಈ ಶೈಲಿಗೆ ಇಂದಿಗೂ ‘ಶ್ರಾಮೆಲ್ ಸಂಗೀತ’ ಎಂಬ ಹೆಸರಿದೆ. ವೈನು, ವಿಯೆನ್ನಾ ಮತ್ತು ಮರಣ ಈ ಹಾಡುಗಳ ನೆಚ್ಚಿನ ವಸ್ತುಗಳು.

ಹೈಲಿಗೆನ್‌ಶ್ಟಾಟ್‌ನ ಚರ್ಚಿನ ಬಳಿ ಇರುವ ಹೊಯ್ರಿಗರ್ ಒಂದರ ಕಟ್ಟಡದಲ್ಲಿ 1817ರಲ್ಲಿ ಬೀಥೋವನ್ ಕೆಲಕಾಲ ವಾಸವಾಗಿದ್ದನು.

ಪ್ರಮುಖ ಪ್ರದೇಶಗಳು

ನಗರದ ವಾಯವ್ಯದಲ್ಲಿರುವ 19ನೆಯ ಜಿಲ್ಲೆಯಾದ ಡ್ಯೋಬ್ಲಿಂಗ್‌ನಲ್ಲಿ ಗ್ರಿಂಟ್ಸಿಂಗ್, ನುಸ್‌ಡಾರ್ಫ್, ಹೈಲಿಗೆನ್‌ಶ್ಟಾಟ್, ಸೀವರಿಂಗ್ ಮತ್ತು ನಾಯ್‌ಶ್ಟಿಫ್ಟ್ ಆಮ್ ವಾಲ್ಡೆ ಎಂಬ ಹಳೆಯ ಹಳ್ಳಿಗಳಿವೆ. ಗ್ರಿಂಟ್ಸಿಂಗ್‌ಗೆ 38ನೆಯ ಸಂಖ್ಯೆಯ ಟ್ರಾಮ್, ನುಸ್‌ಡಾರ್ಫ್‌ಗೆ ‘ಡಿ’ ಟ್ರಾಮ್ ಹೋಗುತ್ತದೆ. ಇವುಗಳಲ್ಲಿ ಗ್ರಿಂಟ್ಸಿಂಗ್‌ನ ಹೆಸರು ದೂರದವರೆಗೆ ಹಬ್ಬಿದೆ. ಆ ಕಾರಣದಿಂದಲೇ ಪ್ರವಾಸಿಗರ ಬಸ್ಸುಗಳು ನೇರವಾಗಿ ಅಲ್ಲಿಗೆ ಬರುತ್ತವೆ. ಶಾಂತವಾದ ಅಂಗಳವನ್ನು ಬಯಸುವವರಿಗೆ ಡಾನ್ಯೂಬ್ ನದಿಯ ಆಚೆ ದಡದಲ್ಲಿ ಬೀಸಾಂಬರ್ಗ್ ಬೆಟ್ಟದ ಬುಡದಲ್ಲಿರುವ ಶ್ಟಾಮರ್ಸ್‌ಡಾರ್ಫ್ ಮತ್ತು ಶ್ಟ್ರೇಬರ್ಸ್‌ಡಾರ್ಫ್ ಹೆಚ್ಚು ಅನುಕೂಲ. ಶ್ಟಾಮರ್ಸ್‌ಡಾರ್ಫ್‌ನಲ್ಲಿ ಇಕ್ಕೆಲದಲ್ಲಿಯೂ ವೈನ್ ನೆಲಮಾಳಿಗೆಗಳಿರುವ ಒಂದು ಓಣಿಯೇ ಇದೆ. ನೈಋತ್ಯದ ಮಾವರ್, ದಕ್ಷಿಣದ ಓಬರ್‌ಲಾ ಇನ್ನೆರಡು ಕೇಂದ್ರಗಳು. ಸೆಪ್ಟೆಂಬರ್ ಅಂತ್ಯದ ಸುಮಾರಿಗೆ ನಡೆಯುವ ‘ವೈನ್ ಕಾಲ್ನಡಿಗೆ’ ದಿನಗಳಂದು ಜನ ಈ ತೋಟಗಳ ನಡುವಿನ ದಾರಿಗಳಲ್ಲಿ ಗುಂಪುಗುಂಪಾಗಿ ನಡೆದು ಸಾಗುತ್ತಾರೆ.

ನಗರದ ನಟ್ಟನಡುವೆ ಶ್ವಾರ್ಟ್ಸೆನ್‌ಬರ್ಗ್ ಚೌಕದಲ್ಲಿಯೂ ಕೆಲವೇ ಸಾಲುಗಳ ಒಂದು ಪುಟ್ಟ ದ್ರಾಕ್ಷಿತೋಟ ಉಳಿದಿದೆ.

ಭೂಮಿಯ ಪ್ರಶ್ನೆ

ದ್ರಾಕ್ಷಿ ಚೆನ್ನಾಗಿ ಬರುವ ಇಳಿಜಾರು, ಬಿಸಿಲು, ನಗರದ ನೋಟ, ಇವೇ ಬೆಲೆಬಾಳುವ ಮನೆಗಳಿಗೂ ಬೇಕಾದವು. ಆದ್ದರಿಂದ ಡ್ಯೋಬ್ಲಿಂಗ್‌ನ ಬೆಳೆಗಾರನಿಗೆ ವೈನು ಮಾರಿ ಬರುವ ಆದಾಯಕ್ಕೂ ನಿವೇಶನದ ಬೆಲೆಗೂ ಹೋಲಿಕೆಯೇ ಇಲ್ಲ. 1905ರಲ್ಲಿ ವಿಯೆನ್ನಾ ನಗರಸಭೆ ಕಾಡು ಮತ್ತು ಹುಲ್ಲುಗಾವಲಿನ ರಕ್ಷಿತ ವಲಯವೊಂದನ್ನು ನಗರದ ಸುತ್ತ ಘೋಷಿಸಿತು. ಭೂಬಳಕೆಯ ಇಂತಹ ನಿರ್ಬಂಧಗಳು ಬೆಟ್ಟದ ಮೇಲಿನ ತೋಟಗಳಿಗೂ ಆಸರೆಯಾಗಿವೆ. ಆದರೆ ತೋಟ ಉಳಿದರೂ ಅಂಗಳ ಉಳಿಯುವ ಭರವಸೆ ಇಲ್ಲ. ವಯಸ್ಸಾದ ಬೆಳೆಗಾರನ ಮಕ್ಕಳು ಬೇರೆ ವೃತ್ತಿ ಹಿಡಿದಾಗ ತೋಟವನ್ನು ದೊಡ್ಡ ವೈನ್ ಸಂಸ್ಥೆ ಗುತ್ತಿಗೆಗೆ ಪಡೆಯುತ್ತದೆ, ಹಳ್ಳಿಮನೆ ವಸತಿಗೃಹವಾಗುತ್ತದೆ, ಬಾಗಿಲ ಮೇಲಿನ ಟೊಂಗೆ ಇಳಿಯುತ್ತದೆ. ಹಲವು ಬೀದಿಗಳಲ್ಲಿ ಇಂದು ಹೊಯ್ರಿಗರ್ ಉಳಿದಿರುವುದು ಕಮಾನು ಬಾಗಿಲುಗಳ ಆಕಾರದಲ್ಲಿ ಮಾತ್ರ. ಇನ್ನೊಂದು ಕಡೆ, ಗೆಮಿಶ್ಟರ್ ಜಾಟ್ಸ್‌ಗೆ ದೊರೆತ ಮಾನ್ಯತೆಯಿಂದ ಉತ್ಸಾಹಗೊಂಡ ಕೆಲವು ಯುವ ಬೆಳೆಗಾರರು ತೋಟದ ನಡುವೆಯೇ ಮೇಜುಗಳನ್ನಿಟ್ಟು ವಾರಾಂತ್ಯಗಳಲ್ಲಿ ವೈನು ಬಡಿಸುತ್ತಿದ್ದಾರೆ.

ಇತರ ಪ್ರದೇಶಗಳ ಸಮಾನ ಪದ್ಧತಿಗಳು

ಇಟಲಿಯ ಟ್ರಿಯೆಸ್ಟ್ ನಗರದ ಸುತ್ತಲಿನ ಬೆಟ್ಟಗಳಲ್ಲಿ ‘ಒಸ್ಮಿಟ್ಸಾ’ ಎಂಬ ಮನೆ ಪಾನಗೃಹಗಳಿವೆ. ಸ್ಲೊವೇನಿಯನ್ ಭಾಷೆಯಲ್ಲಿ ‘ಓಸೆಮ್’ ಎಂದರೆ ಎಂಟು. ಹಿಂದೆ ವರ್ಷಕ್ಕೆ ಎಂಟು ದಿನ ಮಾರಲು ಅವಕಾಶವಿದ್ದುದರಿಂದ ಈ ಹೆಸರು. ದಾರಿಯ ತಿರುವುಗಳಲ್ಲಿ ತೂಗುಹಾಕಿದ ಎಲೆಗಳ ಗೊಂಚಲನ್ನು ಅನುಸರಿಸಿ ಅಲ್ಲಿಗೆ ತಲುಪಬೇಕು. ಜರ್ಮನಿಯ ರೈನ್ ಮತ್ತು ಮೋಸೆಲ್ ನದಿಗಳ ಸೀಮೆಯಲ್ಲಿ ಇದೇ ಬಗೆಯ ಮನೆಗಳಿಗೆ ‘ಶ್ಟ್ರೌಸ್‌ವಿರ್ಟ್‌ಶಾಫ್ಟ್’ ಎಂಬ ಹೆಸರಿದ್ದು, ಅಲ್ಲಿಯೂ ಬಾಗಿಲಿಗೆ ಟೊಂಗೆಯನ್ನೋ ಪೊರಕೆಯನ್ನೋ ಕಟ್ಟುತ್ತಾರೆ.